ನಾಲ್ಕನೇ ದೀಪ

ಪೆಟ್ಟಿಗೆಯ ಜವಾಬ್ದಾರಿ ಆಯ್ತಪ್ಪನ ಕೊರಳಿಗೆ ಬಿದ್ದದ್ದು ಅವನ ಯೋಗ್ಯತೆಯಿಂದಲ್ಲ. ನೀರು ಸರಬರಾಜು ಕಚೇರಿಯ ಹನ್ನೊಂದು ಜನರಲ್ಲಿ ಹತ್ತು ಜನ ಆಗಲೇ ಬೇಡವೆಂದಿದ್ದರು. ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ವಿದ್ಯುತ್ತೆಂದರೆ ಚಿಕ್ಕಂದಿನಿಂದಲೂ ಭಯ. ಉಳಿದವನು ಇವನೊಬ್ಬ. ಸಾಹೇಬರು ಕರೆದು, "ಇದನ್ನ ಇನ್ಮೇಲೆ ನೀವೇ ನೋಡ್ಕೋಬೇಕು" ಎಂದರು. ಇವನು "ಆಯ್ತು ಸಾರ್" ಎಂದ.

ಅವನಿಗೆ ಬೇರೆ ಹೆಸರು ಇಲ್ಲದಿರಲಿಲ್ಲ. ಅದು ಹಾಜರಿ ಪುಸ್ತಕದಲ್ಲಿ ಭದ್ರವಾಗಿತ್ತು. ಯಾರು ಏನೇ ಹೇಳಲಿ, ಪೂರ್ತಿ ಕೇಳುವ ಮೊದಲೇ "ಆಯ್ತು" ಎನ್ನುವ ಚಾಳಿಯಿಂದ ಆಯ್ತಪ್ಪನೆಂದು ಹೆಸರು ಬಿದ್ದು, ಈಗ ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಹೆಸರು ಹಿಡಿದು ಬಯ್ಯುತ್ತಿದ್ದಳು. ಅವನಿಗೆ ಯಾರ ಮುಖದಲ್ಲೂ ಬೇಸರ ನೋಡಲು ಆಗುತ್ತಿರಲಿಲ್ಲ. ಇದು ಒಳ್ಳೆಯ ಗುಣ. ಆದರೆ ಇಂಥ ಒಳ್ಳೆಯ ಗುಣ ಒಬ್ಬನಿಗಿದ್ದರೆ ಮನೆ ಹಾಳಾಗಲು ಎರಡನೆಯವನು ಬೇಕಾಗಿಲ್ಲ.

ಪೆಟ್ಟಿಗೆಗೆ ಪ್ರೋಟೋಕಾಲ್ ಕನ್ವರ್ಟರ್ ಎಂಬ ಭಾರಿ ಹೆಸರಿತ್ತು. ನೋಡಲು ಟ್ರಂಕಿನ ಹಾಗೆ, ಮುಂದೆ ನಾಲ್ಕು ದೀಪ. ಅದನ್ನು ಕೂರಿಸಲು ಬಂದ ಇಂಜಿನಿಯರ್ ನಿದ್ದೆಗೆಟ್ಟ ಮುಖದ ಮನುಷ್ಯ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ವಿವರಿಸಿದ.

"ರಾಜಧಾನೀಲಿ ದೊಡ್ಡ ಯಂತ್ರ ಇದೆ, ಮೇನ್‌ಫ್ರೇಮ್ ಅಂತ. ಇಲ್ಲಿ ನಿಮ್ಮವು ನಾಲ್ಕು ಟರ್ಮಿನಲ್. ಒಂದು ಈ ಮೇಜಿನ ಮೇಲೆ, ಒಂದು ಪಂಪ್‌ಹೌಸಲ್ಲಿ, ಒಂದು ನೀರು ಸೋಸೋ ಕಡೆ, ಒಂದು ಗುಡ್ಡದ ಟ್ಯಾಂಕಲ್ಲಿ. ಅದರ ಭಾಷೆ ಇವಕ್ಕೆ ಬರಲ್ಲ, ಇವುಗಳದ್ದು ಅದಕ್ಕೆ ಬರಲ್ಲ. ಈ ಪೆಟ್ಟಿಗೆ ಮಧ್ಯ ಕೂತ್ಕೊಂಡು ಅವರವರಿಗೆ ಬೇಕಾದ ಹಾಗೆ ಹೇಳುತ್ತೆ. ಅಷ್ಟೇ."

"ಅಂದ್ರೆ ಮನೇಲಿ ನಾನಿದ್ದ ಹಾಗೆ" ಎಂದ ಆಯ್ತಪ್ಪ.

ಅದು ಸುಳ್ಳಲ್ಲ. ಅವನ ಈ ವೃತ್ತಿ ಬಾಲ್ಯದಲ್ಲೇ ಶುರುವಾಗಿತ್ತು. ಅಪ್ಪ, "ಆ ದರಿದ್ರದವನಿಗೆ ನಮ್ಮ ಏಣಿ ತಂದು ಬಿಸಾಕೋಕೆ ಹೇಳು" ಎಂದು ಚಿಕ್ಕಪ್ಪನ ಮನೆಗೆ ಅಟ್ಟಿದರೆ, ಇವನು ಹೋಗಿ, "ಏಣಿ ಕೆಲಸ ಮುಗಿದ ಮೇಲೆ ನಿಧಾನಕ್ಕೆ ಕೊಡ್ಬೇಕಂತೆ" ಎನ್ನುತ್ತಿದ್ದ. ಅಪ್ಪ ಹೋದರು, ಚಿಕ್ಕಪ್ಪನೂ ಹೋದ. ಏಣಿ ಇವತ್ತಿಗೂ ಚಿಕ್ಕಪ್ಪನ ಹಿತ್ತಲಿನಲ್ಲೇ ಇದೆ. ಅಮ್ಮ ಸೊಸೆಗೆ ಒಂದು ಅಂದರೆ ಅದು ಅಡುಗೆಮನೆ ತಲುಪುವಷ್ಟರಲ್ಲಿ ಇನ್ನೊಂದಾಗಿರುತ್ತಿತ್ತು. ಹಾಗಾಗಿ ಅತ್ತೆ ಸೊಸೆ ಹದಿನೈದು ವರ್ಷದಿಂದ ಜಗಳವಿಲ್ಲದೆ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದೆ ಸುಖವಾಗಿದ್ದರು.

ಅವನ ಹತ್ತಿರ ಕೈ ಸುಟ್ಟುಕೊಂಡವನು ಅಣ್ಣ. ಅಣ್ಣ ಗುಡ್ಡದ ಟ್ಯಾಂಕಿನ ವಾಲ್ವ್‌ಮನ್. ದಿನಕ್ಕೆರಡು ಸಲ ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುತ್ತ, ಟ್ಯಾಂಕಿನ ಪಕ್ಕದ ಒಂಟಿ ಕೋಣೆಯಲ್ಲಿ ಇರುತ್ತಿದ್ದ. ಮೂರು ವರ್ಷದ ಹಿಂದೆ ಅವನಿಗೆ ಹೆಣ್ಣು ನೋಡಿದ್ದರು. "ಹುಡುಗಿ ನಂಗೊಪ್ಪಿಗೆ. ಆದ್ರೆ ನಾನು ಗುಡ್ಡ ಬಿಟ್ಟು ಬರೋನಲ್ಲ, ಅವಳೇ ಅಲ್ಲಿಗೆ ಬರ್ಬೇಕು. ಹೀಗೇ ಹೇಳಿ ಬಾ" ಎಂದು ತಮ್ಮನನ್ನು ಕಳಿಸಿದ. ತಮ್ಮನಿಗೆ ಇದು ತೀರ ಒರಟೆನಿಸಿ, ಹುಡುಗಿಯ ತಂದೆಗೆ, "ಅಣ್ಣ ಇನ್ನೂ ಯೋಚನೆ ಮಾಡ್ತಿದಾನೆ" ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಬಂದ. ಅವರು ತಿಂಗಳೊಪ್ಪತ್ತಿನಲ್ಲಿ ಮಗಳನ್ನು ರೈಲ್ವೆ ಗಾರ್ಡಿಗೆ ಕೊಟ್ಟರು. ಆ ಹುಡುಗಿ ಗುಡ್ಡಕ್ಕೆ ಹೋಗಲು ಸಿದ್ಧಳಿದ್ದಳೆಂದು ಆಮೇಲೆ ತಿಳಿಯಿತು.

"ನಿನ್ನ ಬಾಯಿಗೆ ಹಾಕಿದ ಮಾತು ನೆಟ್ಟಗೆ ಹೊರಗೆ ಬರಲ್ಲ ಕಣೋ" ಎಂದು ಅಣ್ಣ ಗುಡ್ಡ ಹತ್ತಿದವನು ಮತ್ತೆ ಇಳಿಯಲಿಲ್ಲ. ತಮ್ಮನೂ ಹತ್ತಲಿಲ್ಲ. ಎರಡು ಗಂಟೆಯ ದಾರಿ ಮೂರು ವರ್ಷವಾಯಿತು. ತಿಂಗಳಿಗೊಮ್ಮೆ ಸಾಮಾನಿನ ಲಾರಿ ಗುಡ್ಡದ ಬುಡದಲ್ಲಿ ಚೀಲ ಇಳಿಸಿ ಹೋಗುತ್ತಿತ್ತು. ಅಣ್ಣನ ಕೋಣೆಯಲ್ಲಿದ್ದ ಒಂದು ಟೆಲಿಫೋನನ್ನೂ ಈಗ ಕಿತ್ತು, ಅದರ ತಂತಿಯನ್ನು ಟರ್ಮಿನಲ್ಲಿಗೆ ಕೊಟ್ಟರು.

ಮೊದಲ ವಾರ ಆಯ್ತಪ್ಪನ ಪ್ರಾಣ ಹೋಯಿತು. ಹಳೆಯ ತಂತಿಗಳು. ಗಾಳಿ ಬೀಸಿದರೆ ಒಂದು ದೀಪ ಕೆಂಪು, ಕಾಗೆ ಕೂತರೆ ಇನ್ನೊಂದು ಕೆಂಪು. ಕೆಂಪಾದ ಐದನೇ ನಿಮಿಷಕ್ಕೆ ರಾಜಧಾನಿಯಿಂದ ಸಾಹೇಬರಿಗೆ ಫೋನು, ಆರನೇ ನಿಮಿಷಕ್ಕೆ ಸಾಹೇಬರು ಇವನ ಮೇಜಿನ ಮುಂದೆ.

"ಏನ್ರೀ ಇದು, ಕೆಂಪು?"

"ಎರಡು ನಿಮಿಷ ಸಾರ್, ಹಸಿರಾಗುತ್ತೆ."

"ನೀವು ನೋಡ್ತಾ ಇರೋವಾಗಲೇ ಕೆಂಪಾಗುತ್ತಲ್ರೀ! ನೋಡದೇ ಇದ್ರೆ ಇನ್ನೇನು ಗತಿ?"

ಎಂಟನೇ ದಿನ ಇಂಜಿನಿಯರನ್ನು ಮತ್ತೆ ಕರೆಸಿ ಆಯ್ತಪ್ಪ ಕೈ ಮುಗಿದ. "ಏನಾದ್ರೂ ಮಾಡಿ ಸ್ವಾಮಿ. ಹಸಿರು ಹಸಿರಾಗೇ ಇರೋ ಹಾಗೆ ಮಾಡಿ."

ಇಂಜಿನಿಯರ್ ಪೆಟ್ಟಿಗೆಯ ಹಿಂದೆ ಕೈ ತೂರಿಸಿ ಒಂದು ಸಣ್ಣ ಸ್ವಿಚ್ಚನ್ನು ಕೆಳಗೆ ಒತ್ತಿದ. "ದೊಡ್ಡ ಯಂತ್ರ ಕ್ಷಣಕ್ಕೊಂದು ಸಲ ಪ್ರತಿಯೊಂದು ಟರ್ಮಿನಲ್‌ನ 'ಇದ್ದೀಯಾ?' ಅಂತ ಕೇಳ್ತಾ ಇರುತ್ತೆ. ಇಷ್ಟು ದಿನ ಪೆಟ್ಟಿಗೆ ಹೋಗಿ ಅವನ್ನ ಕೇಳ್ಕೊಂಡು ಬಂದು ಹೇಳ್ತಿತ್ತು. ಇನ್ಮೇಲೆ ಕೇಳೋಕೆ ಹೋಗಲ್ಲ. ತಾನೇ 'ಇದ್ದೀನಿ' ಅಂದುಬಿಡುತ್ತೆ."

"ಏನಾದ್ರೂ ಬರೆದು ಕಳಿಸಿದ್ರೆ?"

"ಅದಕ್ಕೂ 'ತಲುಪಿತು' ಅಂತ ತಾನೇ ಚೀಟಿ ಕೊಡುತ್ತೆ. ಆಮೇಲೆ ನಿಧಾನಕ್ಕೆ ತಲುಪಿಸುತ್ತೆ. ಆದ್ರೆ ಒಂದು ವಿಷಯ. ಆ ಕಡೆ ನಿಜವಾಗ್ಲೂ ನೆಟ್ಟಗಿದೆಯಾ ಅಂತ ವಾರಕ್ಕೊಂದು ಸಲ ನೀವೇ ಹೋಗಿ ಕಣ್ಣಲ್ಲಿ ನೋಡಿ ಬರ್ಬೇಕು. ನಾಲ್ಕೂ ಕಡೆ."

"ಆಯ್ತು" ಎಂದ ಆಯ್ತಪ್ಪ.

ಪಂಪ್‌ಹೌಸಿಗೆ ವಾರ ತಪ್ಪದೆ ಹೋದ. ನೀರು ಸೋಸುವ ಕಡೆಗೂ ಹೋದ. ಗುಡ್ಡಕ್ಕೆ ಹೋಗಲಿಲ್ಲ. ನಾಲ್ಕನೇ ದೀಪ ಹಸಿರಾಗೇ ಇತ್ತಲ್ಲ.

ಇದರಿಂದ ಮನೆಯಲ್ಲಿ ಅವನ ತೂಕ ಏರಿತು. ಅಮ್ಮನಿಗೆ ಎಪ್ಪತ್ತಾರು ವರ್ಷ, ಮಂಡಿನೋವು. ಗುಡ್ಡ ಹತ್ತುವುದಿರಲಿ, ಹೊಸಿಲು ದಾಟುವುದೇ ಕಷ್ಟ. ದೊಡ್ಡ ಮಗನ ಮುಖ ನೋಡಿ ಮೂರು ವರ್ಷವಾಗಿತ್ತು. ಸಂಜೆ ಇವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಅಣ್ಣ ಇದಾನೇನೋ?"

"ಇದಾನಮ್ಮ. ಹಸಿರು."

"ಏನಂದ?"

ಅಣ್ಣ ಅಂದದ್ದು ಟ್ಯಾಂಕಿನ ನೀರಿನ ಮಟ್ಟ. ದಿನಾ ಬೆಳಗ್ಗೆ ಅವನು ಅಷ್ಟನ್ನು ಮಾತ್ರ ಒತ್ತಿ ಕಳಿಸಬೇಕಿತ್ತು. ಹದಿನೇಳು ಅಡಿ ನಾಲ್ಕು ಅಂಗುಲ. ಇದನ್ನು ಮುದುಕಿಗೆ ಹೇಳುವುದು ಹೇಗೆ? ಆಯ್ತಪ್ಪ ತನ್ನ ಕಸುಬು ಮಾಡಿದ. "ಅಮ್ಮನ ಮಂಡಿ ಹೇಗಿದೆ ಅಂತ ಕೇಳ್ದ."

ಅಮ್ಮನ ಮುಖ ಅರಳಿತು. ಮರುದಿನ ಹದಿನಾರು ಅಡಿ ಒಂಬತ್ತು ಅಂಗುಲ. "ಬಿಸಿನೀರು ಕುಡೀಬೇಕಂತೆ ನೀನು." ಅದರ ಮರುದಿನ ಹದಿನೇಳೂವರೆ. "ನಿನ್ನ ಕೈ ಊಟ ನೆನಪಾಗುತ್ತಂತೆ." ಟ್ಯಾಂಕಿನ ನೀರು ಏರಿದ ಹಾಗೆ ಅಣ್ಣನ ಪ್ರೀತಿ ಏರುತ್ತಿತ್ತು. ಹೆಂಡತಿ ಬಾಗಿಲ ಹಿಂದೆ ನಿಂತು ಕೇಳಿ ನಿಟ್ಟುಸಿರು ಬಿಡುತ್ತಿದ್ದಳು.

"ರೀ, ಇದೆಲ್ಲ ಅವರು ನಿಜವಾಗ್ಲೂ ಹೇಳಿದ್ದಾ?"

"ಅದರ ಅರ್ಥ ಅದೇ ಕಣೆ."

ಕೇರಿಗೆಲ್ಲ ಸುದ್ದಿ ಹರಡಲು ಒಂದು ವಾರವೂ ಹಿಡಿಯಲಿಲ್ಲ. ಆಯ್ತಪ್ಪ ದೊಡ್ಡ ಯಂತ್ರದ ಜೊತೆ ಮಾತಾಡುತ್ತಾನಂತೆ, ಎಲ್ಲೆಲ್ಲೋ ಇರುವವರು ಇದ್ದಾರೋ ಇಲ್ಲವೋ ಕೂತಲ್ಲೇ ಹೇಳುತ್ತಾನಂತೆ. ಎದುರುಮನೆಯ ದರ್ಜಿ ಒಂದು ಸಂಜೆ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದ. ಅವನ ಅಳಿಯ ಮನೆ ಬಿಟ್ಟು ಹೋಗಿ ವರ್ಷವಾಗಿತ್ತು.

"ನಮ್ಮ ಅಳಿಯ ಇದಾನಾ ಅಂತ ಒಂದು ಸಲ ಕೇಳ್ಬಿಡಿ. ಮಗಳು ಊಟ ಬಿಟ್ಟಿದಾಳೆ."

"ಅವರ ಹತ್ರ ಟರ್ಮಿನಲ್ ಇದೆಯಾ?"

"ಹೊಲಿಗೆ ಮಿಷನ್ ಇದೆ."

ಬೇರೆ ಯಾರಾದರೂ ಆಗಲ್ಲ ಎನ್ನುತ್ತಿದ್ದರು. ಆಯ್ತಪ್ಪ, "ಆಯ್ತು, ನೋಡ್ತೀನಿ" ಎಂದ. ದರ್ಜಿ ಅವನಿಗೊಂದು ಅಂಗಿಯ ಅಳತೆ ತೆಗೆದುಕೊಂಡು, ನಾಳೆ ಬರುತ್ತೇನೆಂದು ಹೋದ. ಪಾಪ, ನಾಳೆ ನಾಳೆ ಎಂದು ಅವನು ತಿಂಗಳುಗಟ್ಟಲೆ ಬಂದ.

ಇಷ್ಟರಲ್ಲಿ ಗುಡ್ಡದ ಅಂಕಿ ಹದಿನೇಳು ಅಡಿ ನಾಲ್ಕು ಅಂಗುಲಕ್ಕೆ ಬಂದು ನಿಂತಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಹೊಸ ಅಂಕಿ ಬರದಿದ್ದರೆ ನಿನ್ನೆಯದನ್ನೇ ಬರೆದುಕೊಂಡು ದಿನದ ಲೆಕ್ಕದ ಹಾಳೆ ಕಳಿಸುವುದು ದೊಡ್ಡ ಯಂತ್ರದ ಅಭ್ಯಾಸ. ಸರ್ಕಾರಿ ಕಚೇರಿಯಲ್ಲಿ ಬೆಳೆದ ಯಂತ್ರ, ಇನ್ನೇನು ಕಲಿತೀತು? ಆಯ್ತಪ್ಪ ಅಂಕಿ ನೋಡಿದ, ದೀಪ ನೋಡಿದ. ಹಸಿರು. ಅಣ್ಣ ಈಚೆಗೆ ಸಮಾಧಾನವಾಗಿದ್ದಾನೆಂದು ತಿಳಿದುಕೊಂಡ. ಮನೆಯಲ್ಲಿ ಅದೇ ಹದಿನೇಳು ಅಡಿ ನಾಲ್ಕು ಅಂಗುಲದಿಂದ ದಿನಕ್ಕೊಂದು ಹೊಸ ಮಾತು ತೆಗೆದು ಅಮ್ಮನಿಗೆ ಕೊಡುತ್ತ ಬಂದ.

ತಿಂಗಳು ತಿರುಗುವುದರೊಳಗೆ ಅಮ್ಮ ಜ್ವರ ಹಿಡಿದು ಮಲಗಿದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಹೊರಗೆ ಬಂದು, ಬೇಕಾದವರನ್ನು ಕರೆಸಿಕೊಳ್ಳಿ ಎಂದರು. ಇವನು ಒಳಗೆ ಹೋಗಿ, "ನಾಲ್ಕು ದಿನದಲ್ಲಿ ಎದ್ದು ಓಡಾಡ್ತೀಯಂತೆ" ಎಂದ. ಅಮ್ಮ ಅವನ ಕೈ ಹಿಡಿದುಕೊಂಡಳು.

"ನೀನು ಹೇಳೋದೆಲ್ಲ ಚೆನ್ನಾಗೇ ಇರುತ್ತೆ ಕಣೋ. ಇದೊಂದು ಸಲ ನಿನ್ನದು ಏನೂ ಸೇರಿಸ್ಬೇಡ. ನಾನು ಹೇಳಿದ್ದನ್ನ ಹೇಳಿದ ಹಾಗೇ ಅಣ್ಣನಿಗೆ ಕಳಿಸು. ಅಮ್ಮ ಕರೀತಿದಾಳೆ, ಬಾ. ಅಷ್ಟೇ."

ಅವನು ಕಚೇರಿಗೆ ಓಡಿದ. ಟರ್ಮಿನಲ್ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಅಮ್ಮ ಕರೀತಿದಾಳೆ. ಬಾ. ದಯವಿಟ್ಟು ಎಂದು ಸೇರಿಸಲು ಬೆರಳು ತುಡಿಯಿತು, ಸೇರಿಸಲಿಲ್ಲ. ಹುಟ್ಟಿದಾಗಿನಿಂದ ಅವನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಕಳಿಸಿದ ಮೊದಲನೆಯ ಮಾತು ಅದು. ಯಂತ್ರ ಕಟಕಟನೆ ಚೀಟಿ ಅಚ್ಚು ಹಾಕಿ ಹೊರಗೆ ತಳ್ಳಿತು. ಅವನ ಮಾತು, ಕೆಳಗೆ ನಾಲ್ಕನೇ ಟರ್ಮಿನಲ್, ಅದರ ಕೆಳಗೆ "ತಲುಪಿತು."

ಚೀಟಿಯನ್ನು ಅಮ್ಮನ ಕೈಗೆ ಕೊಟ್ಟ. ಅವಳು ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಮಲಗಿದಳು.

ಸೋದರತ್ತೆ ಆ ದಿನವೇ ಬಂದಿಳಿದಿದ್ದಳು. ಯಾರ ಮನೆಯಲ್ಲಿ ಯಾರು ಮಲಗಿದರೂ ತಲೆದೆಸೆಯಲ್ಲಿ ಕೂತು ತೀರ್ಪು ಕೊಡುವ ಅಧಿಕಾರ ಅವಳದು. ಒಂದು ದಿನ ಕಾದರು, ಎರಡು ದಿನ ಕಾದರು. ಚೀಟಿ ಕೈಯಿಂದ ಕೈಗೆ ಓಡಾಡಿತು.

"ಎರಡು ಗಂಟೆ ದಾರಿಗೆ ಎರಡು ದಿನವೇ?" ಎಂದಳು ಸೋದರತ್ತೆ.

"ಅಚ್ಚಾಗಿ ಬಂದಿದೆಯಲ್ಲ, ತಲುಪಿತು ಅಂತ. ಕೈಬರಹ ಆದ್ರೆ ಅನುಮಾನ ಪಡಬಹುದಿತ್ತು" ಎಂದ ದರ್ಜಿ.

"ರೀ, ಒಂದು ಸಲ ನೀವೇ ಹೋಗಿ ಕರ್ಕೊಂಡು ಬನ್ನಿ" ಎಂದಳು ಹೆಂಡತಿ. "ಬೆಳಗ್ಗೆ ಬಸ್ಸಿಗೆ ಹೋದ್ರೆ ಮಧ್ಯಾಹ್ನಕ್ಕೆ ಬರಬಹುದು."

ಅವನು ಹೆಂಡತಿಯ ಮುಖ ನೋಡಿ ಆಯ್ತು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಸೋದರತ್ತೆ, "ಇನ್ನೇನು, ಕಾಲಿಗೆ ಬಿದ್ದು ಕರೀಬೇಕಾ? ಹೆತ್ತ ತಾಯಿ ಕರೆದ್ರೂ ಬರದವನ ಮುಂದೆ ಇವನು ಹೋಗಿ ನಿಲ್ಲೋದು ಬೇಡ" ಎಂದಳು. ಅವನು ಸೋದರತ್ತೆಗೆ ಆಯ್ತು ಎಂದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ. ಮೂರು ವರ್ಷದ ಮೇಲೆ ಅಣ್ಣನ ಮುಖ ನೋಡಲು ಅವನ ಕಾಲು ಬರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಅಮ್ಮ ಹೋದಳು. ಕೊನೆಗೆ ಕೇಳಿದ್ದು, "ಬಾಗಿಲು ತೆಗೆದಿದೆಯಾ?"

"ಅಮ್ಮ ಹೋದಳು" ಎಂದು ಅವನು ಇನ್ನೊಂದು ಮಾತು ಕಳಿಸಿದ. ತಲುಪಿತು ಎಂದು ಇನ್ನೊಂದು ಚೀಟಿ ಬಂತು. ಅದಕ್ಕೂ ಅಣ್ಣ ಬರಲಿಲ್ಲ. ಮನೆ ತುಂಬ ಸೇರಿದ್ದ ನೆಂಟರು ಅಳುವುದನ್ನು ಅರ್ಧಕ್ಕೆ ಬಿಟ್ಟು ದೊಡ್ಡ ಮಗನನ್ನು ಬಯ್ದರು. ಕಲ್ಲೆದೆಯವನು ಎಂದರು, ಮನುಷ್ಯನೇ ಅಲ್ಲ ಎಂದರು. ಆಯ್ತಪ್ಪ ಮೂಲೆಯಲ್ಲಿ ಕೂತು, ಜೀವಮಾನದಲ್ಲಿ ಮೊದಲ ಸಲ ಒಬ್ಬನ ಮೇಲೆ ಮನಸಾರೆ ಸಿಟ್ಟಾದ.

ಎಂಟು ದಿನ ಕಳೆದ ಮೇಲೆ ಕಚೇರಿಗೆ ಹೋದರೆ ಅಲ್ಲಿ ಸಂಭ್ರಮ. ಮರುದಿನ ರಾಜಧಾನಿಯಿಂದ ತನಿಖಾಧಿಕಾರಿ ಬರುತ್ತಾರಂತೆ, ಪ್ರಶಸ್ತಿಪತ್ರ ತರುತ್ತಾರಂತೆ. ಇಡೀ ಇಲಾಖೆಯಲ್ಲಿ ನಲವತ್ತೊಂದು ದಿನ ಒಂದಂಗುಲವೂ ಅಲುಗಾಡದೆ ಹದಿನೇಳು ಅಡಿ ನಾಲ್ಕು ಅಂಗುಲದಲ್ಲಿ ನಿಂತ ಟ್ಯಾಂಕು ಇದೊಂದೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ರಾಜಧಾನಿಯವರು ಕಟ್ಟಿದ್ದಲ್ಲದೆ ಮರುದಿನ ಹೂಮಾಲೆಯನ್ನೂ ಹಿಡಿದು ಬಂದರು.

"ಇಂಥ ಶಿಸ್ತಿನ ನೀರು ನಾನು ನೋಡೇ ಇಲ್ಲ" ಎಂದರು ತನಿಖಾಧಿಕಾರಿ. "ಆ ಟ್ಯಾಂಕನ್ನೂ ಅಲ್ಲಿರೋ ಮನುಷ್ಯನನ್ನೂ ನಾನು ಕಣ್ಣಾರೆ ನೋಡ್ಬೇಕು."

"ಅವರು ನಮ್ಮ ಇವರ ಅಣ್ಣನೇ ಸಾರ್" ಎಂದು ಸಾಹೇಬರು ಆಯ್ತಪ್ಪನನ್ನು ಮುಂದೆ ತಳ್ಳಿದರು. "ಮನೆತನದ ಶಿಸ್ತು!"

ಜೀಪು ಗುಡ್ಡ ಹತ್ತಿತು. ಹಿಂದಿನ ಸೀಟಿನಲ್ಲಿ ಆಯ್ತಪ್ಪ ಅಣ್ಣನಿಗೆ ಹೇಳಬೇಕಾದ ಮೂರು ಮಾತು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ. ಮೂರೂ ಬೈಗುಳ. ಒಂದನ್ನೂ ಮೆತ್ತಗೆ ಮಾಡಬಾರದೆಂದು ಆಣೆ ಹಾಕಿಕೊಂಡಿದ್ದ. ದಿಂಬಿನ ಕೆಳಗೆ ಸಿಕ್ಕ ಚೀಟಿ ಜೇಬಿನಲ್ಲಿತ್ತು. ಅದನ್ನು ಅಣ್ಣನ ಮುಖಕ್ಕೆ ಹಿಡಿಯುವುದೆಂದು ತೀರ್ಮಾನಿಸಿದ್ದ.

ಕೋಣೆಯ ಬಾಗಿಲು ತೆರೆದೇ ಇತ್ತು. ಟರ್ಮಿನಲ್ಲಿನ ಮೇಲೆ ಮಾಸಿದ ಟವೆಲು ಹೊದಿಸಿತ್ತು. ಅದರ ತಂತಿ ಗೋಡೆಯಿಂದ ಕಿತ್ತು, ಅಚ್ಚುಕಟ್ಟಾಗಿ ಸುತ್ತಿ, ಮೊಳೆಗೆ ನೇತುಹಾಕಿತ್ತು. ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದಲ್ಲಿ ದಿನದಿನದ ನೀರಿನ ಮಟ್ಟ. ಹದಿನಾರು, ಹದಿನಾಲ್ಕು, ಹನ್ನೊಂದೂವರೆ. ಕೊನೆಯ ಸಾಲಿನಲ್ಲಿ ಇವತ್ತಿನದು, ಒಂಬತ್ತು ಅಡಿ.

"ಒಂಬತ್ತಾ?" ಎಂದರು ತನಿಖಾಧಿಕಾರಿ.

"ಹದಿನೇಳು ಅಡಿ ನಾಲ್ಕು ಅಂಗುಲ ಸಾರ್" ಎಂದರು ಸಾಹೇಬರು. "ಗೋಡೆ ಹಳೇದು."

ಆಯ್ತಪ್ಪ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವನು ಮೊಳೆಯ ಮೇಲಿನ ತಂತಿ ನೋಡುತ್ತ ನಿಂತಿದ್ದ. ಪೆಟ್ಟಿಗೆ ತಾನೇ 'ಇದ್ದೀನಿ' ಅಂದುಬಿಡುತ್ತೆ. ಅದಕ್ಕೂ 'ತಲುಪಿತು' ಅಂತ ತಾನೇ ಚೀಟಿ ಕೊಡುತ್ತೆ. ವಾರಕ್ಕೊಂದು ಸಲ ನೀವೇ ಹೋಗಿ ಕಣ್ಣಲ್ಲಿ ನೋಡಿ ಬರ್ಬೇಕು. ಆಯ್ತು. ಮೂರು ಬೈಗುಳವೂ ಗಂಟಲಲ್ಲೇ ಸತ್ತವು.

ಅಷ್ಟರಲ್ಲಿ ವಾಲ್ವಿನ ಕಡೆಯಿಂದ ಅಣ್ಣ ಕೈ ಒರೆಸಿಕೊಳ್ಳುತ್ತ ಬಂದ. ತಲೆ ಪೂರ್ತಿ ನರೆತಿತ್ತು. ತನಿಖಾಧಿಕಾರಿಯನ್ನಾಗಲಿ ಸಾಹೇಬರನ್ನಾಗಲಿ ಅವನು ನೋಡಲೇ ಇಲ್ಲ.

"ಬಂದ್ಯಾ?" ಎಂದ. "ನಲವತ್ತೊಂದು ದಿನ ಬೇಕಾಯ್ತೇನೋ ನಿಂಗೆ?"

"ಅಣ್ಣ, ತಂತಿ..."

"ನಾನೇ ಕಿತ್ತೆ. ಇದನ್ನ ಕೂರಿಸಿದ ಇಂಜಿನಿಯರ್ ಹೇಳಿದ್ದ, ತಂತಿ ಬಿಟ್ರೆ ಅಲ್ಲಿ ನಿಮ್ಮ ತಮ್ಮನ ಮುಂದೆ ದೀಪ ಕೆಂಪಾಗುತ್ತೆ, ಅವರೇ ಎದ್ದು ಬರ್ಬೇಕಾಗುತ್ತೆ ಅಂತ. ನಾನಾಗೇ ಇಳಿದು ಬರೋಕೆ ಹಾಳು ಬಿಗುಮಾನ. ನೀನು ಬಂದ್ರೆ ಏಣಿ ವಿಷಯನೋ ಇನ್ನೊಂದೋ ಮಾತಾಡಿ, ಹಾಗೇ ನಿನ್ನ ಜೊತೆ ಇಳಿದು ಅಮ್ಮನ್ನ ನೋಡಿ ಬರೋಣ ಅಂದ್ಕೊಂಡೆ. ದಿನಾ ಈ ದಾರಿ ನೋಡ್ತಾ ಕೂತಿದ್ದೆ ಕಣೋ." ಅಣ್ಣ ತಲೆ ಕೆರೆದುಕೊಂಡ. "ಅಮ್ಮ ಹೇಗಿದಾಳೆ?"

ಆಯ್ತಪ್ಪ ಏನು ಮಾಡುತ್ತಿದ್ದೇನೆಂದು ತಿಳಿಯದೆ ಜೇಬಿಗೆ ಕೈ ಹಾಕಿ ಚೀಟಿ ತೆಗೆದು ಕೊಟ್ಟ. ಅಣ್ಣ ಅದನ್ನು ಬೆಳಕಿಗೆ ಹಿಡಿದು ಓದಿದ. ಅಮ್ಮ ಕರೀತಿದಾಳೆ. ಬಾ. ಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖ ಸಡಿಲವಾಯಿತು.

"ಇದು ಅಮ್ಮನ ಮಾತೇ" ಎಂದ. "ನಿಂದು ಒಂದಕ್ಷರ ಸೇರಿಲ್ಲ. ಇರು, ಒಂದು ನಿಮಿಷ."

ಒಳಗೆ ಹೋಗಿ ಟ್ರಂಕಿನಿಂದ ಒಗೆದು ಮಡಿಸಿಟ್ಟ ಅಂಗಿ ತೆಗೆದು ಹಾಕಿಕೊಂಡ. ನೀರು ಮುಟ್ಟಿಸಿ ತಲೆ ಬಾಚಿದ. ಹೊರಗೆ ಬಂದು ವಾಲ್ವಿನ ದೊಡ್ಡ ಕೀಲಿಯನ್ನು ತನಿಖಾಧಿಕಾರಿಯ ಕೈಗೆ ಕೊಟ್ಟು, "ಐದು ಗಂಟೆಗೆ ಎಡಕ್ಕೆ ಆರು ಸುತ್ತು. ಮರೀಬೇಡಿ, ಊರಿಗೆ ನೀರಿರಲ್ಲ" ಎಂದ. ತನಿಖಾಧಿಕಾರಿ ಒಂದು ಕೈಯಲ್ಲಿ ಪ್ರಶಸ್ತಿಪತ್ರ, ಇನ್ನೊಂದು ಕೈಯಲ್ಲಿ ಕೀಲಿ ಹಿಡಿದು, "ಆಯ್ತು" ಎಂದರು.

ಅಣ್ಣ ಜೀಪಿನ ಮುಂದಿನ ಸೀಟಿನಲ್ಲಿ ಕೂತು ತಿರುಗಿ ನೋಡಿದ. "ಏನೋ ಕಂಬದ ಹಾಗೆ ನಿಂತಿದೀಯ? ಬಾರೋ. ಅಮ್ಮ ಕಾಯ್ತಿರ್ತಾಳೆ."

ಆಯ್ತಪ್ಪನ ನಾಲಿಗೆಯ ತುದಿಗೆ ಹಳೆಯ ಅಭ್ಯಾಸದಿಂದ ಹತ್ತು ಮೆತ್ತಗಿನ ಮಾತು ಬಂದವು. ಸ್ವಲ್ಪ ಹುಷಾರಿಲ್ಲ, ಮಲಗಿದಾಳೆ, ಮನೆಗೆ ಹೋಗಿ ಮಾತಾಡೋಣ. ಒಂದನ್ನೂ ಆಡಲಿಲ್ಲ. ಜೀಪಿನ ಹತ್ತಿರ ಹೋಗಿ, ಅಣ್ಣ ಕೂತಿದ್ದ ಕಡೆಯ ಕಂಬಿ ಹಿಡಿದುಕೊಂಡ.

"ಅಮ್ಮ ಇಲ್ಲ ಅಣ್ಣ" ಎಂದ. "ಹೋಗಿ ಒಂಬತ್ತು ದಿನ ಆಯ್ತು. ನಿನ್ನ ದಾರಿ ನೋಡ್ತಾನೇ ಹೋದಳು. ನಾನು ಬಂದು ಕರೀಲಿಲ್ಲ."

ಆ ಮಾತು ತಲುಪಿತೆಂದು ಹೇಳಲು ಯಾವ ಚೀಟಿಯೂ ಬರಲಿಲ್ಲ. ಒಗೆದ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದ ಅಣ್ಣನ ಕೈ ಅಲ್ಲೇ ನಿಂತಿತು.